ಸಪ್ಪಳ ಮಾಡದ ಬೆಲ್ಟು

ಬೆಳಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಅಣ್ಣನ ಕಾರಿನ ಎಂಜಿನ್ ಪ್ರಾಣ ಬಿಟ್ಟಿತು. ಇಷ್ಟು ಖಚಿತವಾಗಿ ಹೇಳುವುದಕ್ಕೆ ನಾನು ಕೊಲ್ಹಾಪುರದ ಕಾಲೇಜೊಂದರಲ್ಲಿ ಪಾಠ ಮಾಡುವವಳು ಎಂಬುದು ಕಾರಣವಲ್ಲ. ಹಿಂದಿನ ಸೀಟಿನಲ್ಲಿದ್ದ ವೈನಿ, ಅಂದರೆ ಅಣ್ಣನ ಹೆಂಡತಿ, ಆಗಷ್ಟೇ ಮೊಬೈಲ್ ನೋಡಿ, "ಒಂಬತ್ತೂ ಇಪ್ಪತ್ತ ಆತ್ರೀ! ಗಡಹಿಂಗ್ಲಜ ಮುಟ್ಟೂದ್ರಾಗ ನಾಷ್ಟಾ ಮುಗದ ಹೋಗಿರ್ತೈತಿ" ಎಂದು ಸಂಕಟಪಟ್ಟಿದ್ದರು. ಅಲ್ಲಿ ಚಿಕ್ಕಮ್ಮನ ಮಗಳ ಸೀಮಂತ. ನಾವಿದ್ದದ್ದು ನಿಪ್ಪಾಣಿ ದಾಟಿದ ಮೇಲಿನ ಘಾಟಿನ ಏರಿನಲ್ಲಿ. ನಮ್ಮ ಹಿಂದೆ, ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಸ್ಪೀಕರಿನಲ್ಲಿ ಹಾಡು ಹಚ್ಚಿಕೊಂಡು ಬರುತ್ತಿದ್ದ ಟ್ರ್ಯಾಕ್ಟರ್.

ಗಂಡಾಂತರ ಎಂದರೆ ಢಂ ಎಂದೋ ಟಪ್ ಎಂದೋ ಬರುವಂಥದ್ದು ಎಂದು ನಾನು ತಿಳಿದಿದ್ದೆ. ಇದು ಸುಮ್ಮನೆ ಬಂತು. ಎಂಜಿನ್ನಿನ ಗುರುಗುರು ಒಮ್ಮೆಲೇ ನಿಂತು ಗಾಳಿಯ ಸಪ್ಪಳವಷ್ಟೇ ಉಳಿಯಿತು. ಅಣ್ಣ ಸ್ಟಿಯರಿಂಗ್ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿ ಹೆಮ್ಮೆಯಿಂದ, "ಕೇಳು, ಎಷ್ಟ ಸಾಪ್ ಓಡಾಕತ್ತೈತಿ! ಸಪ್ಪಳನ ಇಲ್ಲ!" ಎಂದ. ಆಗಲೇ ಕಾರು ನಿಂತಿತ್ತು. ಮರುಕ್ಷಣ ಹಿಂದಕ್ಕೆ ಸರಿಯತೊಡಗಿತು.

ಆಮೇಲಿನದನ್ನು ನಾನು ಈಗಲೂ ದಿನಕ್ಕೆ ಹತ್ತಾರು ಸಲ, ಹಾಜರಿ ಕರೆಯುವಾಗಲೂ, ಮನಸ್ಸಿನಲ್ಲಿ ನೋಡುತ್ತಿರುತ್ತೇನೆ. ಎಂಜಿನ್ ಸತ್ತರೆ ಬ್ರೇಕಿನ ಪೆಡಲು ಕಲ್ಲಾಗುತ್ತದೆ, ಸ್ಟಿಯರಿಂಗ್ ರುಬ್ಬುಗುಂಡಾಗುತ್ತದೆ. ಅಣ್ಣ ಎರಡೂ ಕಾಲು ಹಚ್ಚಿ ಬ್ರೇಕ್ ತುಳಿದು, ಹ್ಯಾಂಡ್‌ಬ್ರೇಕನ್ನು ಬಾವಿಯಿಂದ ಕೊಡ ಸೇದಿದಂತೆ ಎಳೆದ. ಟ್ರ್ಯಾಕ್ಟರಿನವನು "ಓ ದಾದಾ, ಗಾಡಿ ಬಾಜೂಲಾ ಘ್ಯಾ ಕೀ!" ಎಂದು, ಗಾಡಿ ಬದಿಗೆ ತಗೋ ಎಂದು ಮರಾಠಿಯಲ್ಲಿ ಅರಚುತ್ತ ಬಲಕ್ಕೆ ಎಳೆದುಕೊಂಡ. ಕಬ್ಬಿನ ಗೋಡೆಯೊಂದು ನನ್ನ ಕಿಟಕಿಯ ಕನ್ನಡಿಯನ್ನು ಗುಡಿಸಿಕೊಂಡು ಹೋಯಿತೆಂದೇ ನನ್ನ ನೆನಪು. ನಾನು ಕೂತಿದ್ದದ್ದು ಎಡಕ್ಕೆ, ಕಬ್ಬು ಹೋದದ್ದು ಬಲಕ್ಕೆ, ಎಂದು ವೈನಿ ಎಷ್ಟು ಸಲ ತಿದ್ದಿದರೂ ನನ್ನ ನೆನಪು ಜಾಗ ಬದಲಿಸಲು ಒಪ್ಪಿಲ್ಲ. ಬಾನೆಟ್ಟಿನ ಮೇಲೆ ನಾಲ್ಕೈದು ಕಬ್ಬಿನ ಗಳ ಬಿದ್ದಿದ್ದವು. ವೈನಿ ಮೊದಲು ದೇವರನ್ನು ನೆನೆದು, ಆಮೇಲೆ ಅವನ್ನು ಆರಿಸಿಕೊಂಡರು. ನಾಷ್ಟಾ ಅಂತೂ ತಪ್ಪಿತ್ತು.

ಹರಿದದ್ದು ಟೈಮಿಂಗ್ ಬೆಲ್ಟು. ಎಂಜಿನ್ನಿನ ಕೆಳಗೆ ತಿರುಗುವುದನ್ನೂ ಮೇಲೆ ತೆರೆದು ಮುಚ್ಚುವ ವಾಲ್ವುಗಳನ್ನೂ ಒಂದೇ ತಾಳಕ್ಕೆ ಕಟ್ಟಿಡುವ ಹಲ್ಲುಹಲ್ಲಿನ ರಬ್ಬರ್ ಪಟ್ಟಾ. ಅದು ಹರಿದರೆ ವಾಲ್ವುಗಳೂ ಪಿಸ್ಟನ್ನುಗಳೂ ಒಂದಕ್ಕೊಂದು ಹಾಯ್ದು ಸೊಟ್ಟಗಾಗುತ್ತವೆ. ಆದ್ದರಿಂದ ಇಷ್ಟು ಕಿಲೋಮೀಟರು ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಆಗ, ಚೆನ್ನಾಗಿ ಕಂಡರೂ ಬದಲಿಸಬೇಕು. ಗ್ಯಾರೇಜಿನವರು ಎರಡು ಸರ್ವಿಸಿನಿಂದ ಹೇಳಿದ್ದರಂತೆ. ಅಣ್ಣ ಎರಡು ಸಲವೂ, "ತಡೀರಿ, ಸಪ್ಪಳ ಬರ್ಲಿ" ಎಂದಿದ್ದ.

ಇದು ಜಿಪುಣತನವಲ್ಲ, ನಮ್ಮ ಮನೆತನದ ವಿದ್ಯೆ. ಇಚಲಕರಂಜಿ ಪಕ್ಕದ ಯಡ್ರಾವದಲ್ಲಿ ನಮ್ಮದು ಮಗ್ಗದ ಮನೆ. ಗೋಡೆಯ ಆಚೆ ಪವರ್‌ಲೂಮು, ಈಚೆ ಹಾಸಿಗೆ. ಅಪ್ಪ ಮಲಗಿದಲ್ಲಿಂದಲೇ, "ಮೂಲ್ಯಾಗಿನ ಮಗ್ಗದ ಪಟ್ಟಾ ಸಡಲ ಆಗೈತಿ ನೋಡ್ರೋ" ಎನ್ನುತ್ತಿದ್ದರು, ಸಡಿಲವಾಗಿಯೇ ಇರುತ್ತಿತ್ತು. ಮಗ್ಗದ ಪಟ್ಟಾ ಹರಿಯುವ ಮುಂಚೆ ಕಿರುಗುಡುತ್ತದೆ, ಜಾರುತ್ತದೆ, ಎಳೆ ಬಿಡುತ್ತದೆ. ನಮಗೆ ಖಟಖಟವೇ ಜೋಗುಳ, ಕರೆಂಟು ಹೋಗಿ ಮಗ್ಗ ನಿಂತರೆ ಕೂಸಿನಿಂದ ಮುದುಕರವರೆಗೆ ಎಲ್ಲರೂ ಎದ್ದು ಕೂರುತ್ತೇವೆ. ಶುಕ್ರವಾರ ಮಗ್ಗಗಳಿಗೆ ರಜೆ, ಆ ರಾತ್ರಿ ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ. ಇಂಥ ಕಿವಿಯ ಅಣ್ಣ, ಮುಚ್ಚಳದೊಳಗೆ ಕೂತು ಒಂದು ಮಾತೂ ಆಡದೆ ಸವೆಯುವ ಪಟ್ಟಾವನ್ನು ನಂಬಿದ್ದ.

ಕೊಲ್ಹಾಪುರಕ್ಕೆ ಮರಳಿದ ಮೇಲೆ ನನ್ನ ನಿದ್ದೆ ಹಾರಿತು. ನಮ್ಮ ಫ್ಲ್ಯಾಟು ಬಲು ಶಾಂತ. ಅದನ್ನು ನೋಡಿಯೇ ಕೊಂಡಿದ್ದೆವು. ಈಗ ಫ್ರಿಜ್ಜು ಗುಂಯ್ ಎನ್ನುವುದನ್ನು ನಿಲ್ಲಿಸಿದರೆ ಸಾಕು, ನನ್ನ ಬಲಗಾಲು ಹಾಸಿಗೆಯಲ್ಲೇ ಬ್ರೇಕ್ ಒತ್ತುತ್ತಿತ್ತು. ಅಷ್ಟರಲ್ಲಿ ವೈನಿಯ ಫೋನು: "ನಿಮ್ಮಣ್ಣ ವಾಲ್ವ್ ಬದಲಿ ಮಾಡಿ ಬರೇ ಬೆಲ್ಟ್ ಹಾಕ್ರಿ ಸಾಕ ಅನ್ನಾಕತ್ತಾರ. ಪಂಪ, ಟೆನ್ಶನರ್ ಅಂತ ಬಾಜೂಕಿನ ಪಾರ್ಟ್ ಬ್ಯಾಡಂತ. ನೀನರ ಬಂದ ಹೇಳವ್ವಾ." ಅದೇ ಘಾಟಿನಲ್ಲಿ ಅವನು ವಾರಕ್ಕೊಮ್ಮೆ ಬಟ್ಟೆಯ ವ್ಯವಹಾರಕ್ಕೆ ಹೋಗಿ ಬರುತ್ತಾನೆ. ಹೋಗಲೇಬೇಕಾಯಿತು.

ಗ್ಯಾರೇಜಿನಲ್ಲಿ ಅಣ್ಣ ಹಳೆಯ ವಾಟರ್ ಪಂಪನ್ನು ಕಿವಿಗೆ ಹಿಡಿದು ತಿರುಗಿಸುತ್ತಿದ್ದ. "ನೋಡ ತಾಯಿ, ಪಂಪ ಸಪ್ಪಳ ಮಾಡಾಕತ್ತಿಲ್ಲ. ಬೆಲ್ಟ್ ಬಿಗಿ ಹಿಡಿಯೂ ಟೆನ್ಶನರ್ ಸುದ್ದಾ ಗಪ್ಪ ಐತಿ."

"ಬೆಲ್ಟನೂ ಗಪ್ಪ ಇತ್ತಲೋ ಅಣ್ಣಾ! ಅದರ ಮ್ಯಾಲ ತಿರಗೂ ಪಂಪ ಜಾಮ್ ಆದ್ರ ಹೊಸಾ ಬೆಲ್ಟ್ ಉಳೀತೈತೇನು?"

"ಕಾಲೇಜಿನ್ಯಾಗ ಇದನ್ನೂ ಕಲಸ್ತಾರೇನವಾ?"

ವಾದದಲ್ಲಿ ಅವನನ್ನು ಗೆದ್ದವರಿಲ್ಲ. ಕೊನೆಗೆ, "ಹೊಸಾ ನೂಲ ತಂದು ಸೀಳಿದ ಲಾಳ್ಯಾಗ ಹಾಕ್ತಿಯೇನು?" ಎಂದೆ. ಅಣ್ಣ ಪಂಪನ್ನು ಮೆಲ್ಲಗೆ ಕೆಳಗಿಟ್ಟ. ಮಗ್ಗದಲ್ಲಿ ನೂಲು ಹೊತ್ತು ಆಚೀಚೆ ಓಡುವ ಲಾಳಿ ಸೀಳಿದರೆ ಎಷ್ಟು ಎಳೆ ಕಡಿಯುತ್ತದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. "ಎಲ್ಲಾ ಬದಲಿ ಮಾಡ್ರಿ" ಎಂದ, ಹೆಂಡತಿಯ ಹಳೆಯ ಹಟವೊಂದಕ್ಕೆ ಒಪ್ಪಿದವನಂತೆ.

ಭಾನುವಾರ ಕಾರು ಯಡ್ರಾವದ ಮನೆಗೆ ಬಂತು. ವೈನಿ ನನ್ನನ್ನು ರಾತ್ರಿಗೆ ಉಳಿಸಿಕೊಂಡರು. ಗೋಡೆಯಾಚೆ ಮಗ್ಗಗಳು ಖಟಖಟ ಎನ್ನುತ್ತಿದ್ದವು. ದಿಂಬಿಗೆ ತಲೆ ಕೊಟ್ಟದ್ದಷ್ಟೇ ನೆನಪು. ಎಚ್ಚರಾದಾಗ ಬಿಸಿಲು ಪಡಸಾಲೆಗೆ ಬಂದಿತ್ತು.

ಚಹಾ ಕೊಡುತ್ತ ವೈನಿ, "ರಾತ್ರಿ ಕರೆಂಟ್ ಹೋಗಿತ್ತವ್ವಾ, ಮಂದಿ ಎಲ್ಲಾ ಎದ್ದ ಕುಂತಿದ್ವಿ" ಎಂದರು. ನನಗೆ ಗೊತ್ತೇ ಆಗಿರಲಿಲ್ಲ. "ನಿಮ್ಮಣ್ಣ ಮಾತ್ರ ನಿನ್ನ ಖೋಲಿ ಕಡೆ ಕಿವಿ ಕೊಟ್ಟು, ಮಗ್ಗ ನಡದಾವ ಮಲಕ್ಕೋರಿ ಅಂತ ಮತ್ತ ಹೊದ್ದಕೊಂಡ್ರು."

ಅಣ್ಣ ಚಹಾದ ಬಸಿಯಿಂದ ತಲೆ ಎತ್ತಲಿಲ್ಲ. "ನಗಬ್ಯಾಡ್ರಿ. ಗೊರಕಿ ಕಿರುಗುಡೂದ ಭಾಳ ಆಗೈತಿ. ತಾಯಿ, ಗ್ಯಾರೇಜಿನವರ ಮಾತ ಖರೇ ಐತಿ, ಒಮ್ಮೆ ನಿಂದೂ ಬಿಚ್ಚಿ ನೋಡಸ್ಕೊ."