ಹೆಡ್‌ಫೋನಿನೊಳಗಿನ ಸೀಟಿ

ಮೂತ್ರಪಿಂಡದಲ್ಲಿ ಹಲ್ಲು ಹುಟ್ಟಿದ ಮೇಲೆ ಯಜಮಾನರಿಗೆ ತಮ್ಮ ಮನೆಯ ಯಾವ ವಸ್ತುವಿನ ಮೇಲೂ ನಂಬಿಕೆ ಉಳಿಯಲಿಲ್ಲ.

ಹಲ್ಲು ಹುಟ್ಟಿದ್ದು ಅವರ ಮೂತ್ರಪಿಂಡದಲ್ಲಲ್ಲ. ಯಾರೋ ರೋಗಿಯದರಲ್ಲಿ, ಅದೂ ಬರೀ ವರದಿಯಲ್ಲಿ. ಡಾಕ್ಟರುಗಳು ಬಾಯಲ್ಲಿ ಹೇಳಿ ರೆಕಾರ್ಡು ಮಾಡಿಟ್ಟ ವರದಿಗಳನ್ನು ಹೆಡ್‌ಫೋನಿನಲ್ಲಿ ಕೇಳಿ, ಟೈಪು ಮಾಡಿ ಕಳಿಸುವುದು ಯಜಮಾನರ ಕೆಲಸ. ಇದ್ದ ಆಫೀಸು ಬಾಗಿಲು ಹಾಕಿದ ಮೇಲೆ ಚಪ್ಪಲಿ ಸವೆಸಿ ಹುಡುಕಿದ ಕೆಲಸ. ಮನೆಯಲ್ಲೇ ಕೂತು ಮಾಡಬಹುದು. ಡಾಕ್ಟರು ‘ಕಲ್ಲು’ ಅಂದದ್ದು ಇವರ ಕಿವಿಗೆ ‘ಹಲ್ಲು’ ಎಂದು ಬಿತ್ತು. ಇವರು ಹಿಂದೆಮುಂದೆ ನೋಡದೆ ಹಾಗೇ ಕುಟ್ಟಿದರು. (ಬೆರಳುಗಳಿಗೆ ವೇಗವಿತ್ತು, ವಿವೇಕ ಇರಲಿಲ್ಲ.) ಬೆಳಿಗ್ಗೆಯೇ ಮೇಲ್ವಿಚಾರಕಿಯ ಫೋನು ಬಂತು.

“ಸಾರ್, ಮೂತ್ರಪಿಂಡದಲ್ಲಿ ಎರಡು ಹಲ್ಲುಗಳಿವೆ ಅಂತ ಬರೆದಿದ್ದೀರಲ್ಲ, ಉಜ್ಜೋಕೆ ಬ್ರಷ್ಷೂ ಬರೆದುಕೊಡೋಣ್ವಾ?”

“ಮೇಡಂ, ಹೆಡ್‌ಫೋನಿನಲ್ಲಿ ಏನೋ ಶಬ್ದ ಬರ್ತಿದೆ...”

“ಅದನ್ನ ಸರಿಮಾಡ್ಕೊಳ್ಳಿ. ಮಧ್ಯಾಹ್ನ ಒಂದು ಉದ್ದದ ವರದಿ ಕಳಿಸ್ತೀನಿ, ಸಂಜೆಯೊಳಗೆ ಬೇಕು. ಅದರಲ್ಲೂ ಹೀಗೇ ಆದ್ರೆ ನನ್ನ ಕೈಲೂ ಏನೂ ಇರಲ್ಲ ಸಾರ್.”

ಶಬ್ದ ಇದ್ದದ್ದಂತೂ ನಿಜ. ಹೆಡ್‌ಫೋನು ಹಾಕಿಕೊಂಡ ಕೂಡಲೇ ಡಾಕ್ಟರ ಮಾತಿನ ಹಿಂದೆ ಯಾರೋ ‘ಪೀಂಯ್... ಪುಸ್, ಪೀಂಯ್... ಪುಸ್’ ಎಂದು ಸೀಟಿ ಊದಿ ಊದಿ ಸುಸ್ತಾಗುತ್ತಿದ್ದರು. ಹಾಡು ಹಾಕಿದರೂ ಇತ್ತು, ಏನೂ ಹಾಕದಿದ್ದರೂ ಇತ್ತು. ಯಜಮಾನರು ವೈರನ್ನು ಕಿತ್ತು ಅದರ ಮೂತಿಯನ್ನು ಬಟ್ಟೆಯಲ್ಲಿ ಒರೆಸಿದರು. ಇನ್ನೊಂದು ತೂತಿಗೆ ಚುಚ್ಚಿದರು. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದರು. ಮೊಬೈಲನ್ನು ಬಚ್ಚಲುಮನೆಗೆ ಗಡೀಪಾರು ಮಾಡಿದರು. ಸೀಟಿ ಜಗ್ಗಲಿಲ್ಲ. ಅಷ್ಟೇ ಅಲ್ಲ, ಇವರಿಗೆ ಸಿಟ್ಟು ಏರಿದಷ್ಟೂ ಅದೂ ಏರುತ್ತಿತ್ತು. ಇದು ಬೇಕೆಂತಲೇ ಮಾಡುತ್ತಿದೆ ಎಂದು ಅವರಿಗೆ ಖಾತ್ರಿಯಾಯಿತು.

“ಇದು ಕರೆಂಟಿನ ದೋಷ!” ಎಂದು ತೀರ್ಪು ಕೊಟ್ಟು, ಹೆಡ್‌ಫೋನು ಕಳಚಿಟ್ಟು, ಪಕ್ಕದ ಕೋಣೆಗೆ ದಂಡಯಾತ್ರೆ ಹೊರಟರು. ಅಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ನೀಲಿ ಬಟ್ಟೆಯ ರಾಶಿಯಲ್ಲಿ ಕುತ್ತಿಗೆಯವರೆಗೆ ಮುಳುಗಿದ್ದಳು. ಶಾಲೆಯೊಂದರ ಸಮವಸ್ತ್ರದ ಗುತ್ತಿಗೆ ಅವಳದು.

“ನಿಲ್ಲಿಸು ಅದನ್ನ! ನಿನ್ನ ಮೋಟಾರಿನ ಶಬ್ದ ಗೋಡೆಯೊಳಗಿಂದ ತೂರಿ ನನ್ನ ಕಿವಿಗೆ ಬರ್ತಿದೆ.”

“ರೀ, ಸಂಜೆ ಶಾಲೆಯವರು ಬರ್ತಾರೆ. ಇನ್ನೂ ಅರ್ಧದಷ್ಟು ಚಡ್ಡಿಗಳಿಗೆ ಒಂದೊಂದೇ ಕಾಲು.”

“ನನ್ನ ಕೆಲಸ ಮುಖ್ಯವೋ, ನಿನ್ನ ಚಡ್ಡಿ ಮುಖ್ಯವೋ?”

“ನಿಮ್ಮ ಕೆಲಸ ಹೋದ್ರೆ ಚಡ್ಡಿಯೇ ಮುಖ್ಯ.”

ಯಜಮಾನರು ಯಂತ್ರದ ಸ್ವಿಚ್ಚನ್ನೇ ಆರಿಸಿದರು. ಅಲ್ಲಿಂದ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಉಸಿರು ನಿಲ್ಲಿಸಿದರು. ಗೋಡೆ ಗಡಿಯಾರದ ಸೆಲ್ಲು ಕಿತ್ತರು. ಕೊನೆಗೆ ಅತ್ತೆಯ ಕೋಣೆಯ ಫ್ಯಾನಿನ ಮೇಲೂ ಕೈ ಮಾಡಿದರು. ಕ್ಷಣದಲ್ಲೇ ಅತ್ತೆ ದಿನಪತ್ರಿಕೆಯಲ್ಲಿ ಗಾಳಿ ಬೀಸಿಕೊಳ್ಳುತ್ತ ಹೊರಗೆ ಬಂದರು.

“ಅಳಿಯಂದಿರೇ, ಕರೆಂಟು ಹೋಯ್ತಾ?”

“ಇಲ್ಲ ಅತ್ತೆ, ನಾನೇ ಕಳಿಸಿದೆ.”

“ಬೀಳಿಸಿದ್ರಾ? ಏನು ಬೀಳಿಸಿದ್ರಿ?” ಎಂದರು ಅತ್ತೆ. ಅವರಿಗೆ ಕಿವಿ ಮಂದ. ಯಜಮಾನರಿಗೆ ವಿವರಿಸುವ ತಾಳ್ಮೆ ಇರಲಿಲ್ಲ.

ಮನೆ ಗಪ್‌ಚಿಪ್ಪಾಯಿತು. ಯಜಮಾನರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಹೆಡ್‌ಫೋನನ್ನು ಕಿರೀಟದಂತೆ ಎರಡೂ ಕೈಯಲ್ಲಿ ಎತ್ತಿ ಧರಿಸಿದರು. ‘ಪೀಂಯ್... ಪುಸ್.’ ಸುತ್ತಲೂ ಸದ್ದಡಗಿದ್ದರಿಂದ ಈಗ ಇನ್ನೂ ಸ್ಪಷ್ಟ. ಅವರ ಮುಖ ಇಳಿದುಹೋಯಿತು. ಕೆಲಸ ಇನ್ನೇನು ಹೋದಂತೆಯೇ ಎಂದುಕೊಂಡರು. ಈ ವಯಸ್ಸಿನಲ್ಲಿ ಮತ್ತೆ ಯಾರ ಬಾಗಿಲು ತಟ್ಟುವುದು?

ಗಂಡನ ಇಳಿಬಿದ್ದ ಭುಜಗಳನ್ನು ಕಂಡು ಹೆಂಡತಿಯ ಸಿಟ್ಟು ಅರ್ಧ ಕರಗಿತು. “ಕೊಡಿ ಇಲ್ಲಿ, ನಾನೊಂದ್ಸಲ ಕೇಳ್ತೀನಿ,” ಎಂದು ಕುರ್ಚಿಯಲ್ಲಿ ಕೂತು, ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದಳು. ಯಜಮಾನರು ಬಾಗಿಲಿಗೆ ಒರಗಿ ಕೈಕಟ್ಟಿ ನಿಂತರು. ಬಹಳ ಹೊತ್ತು ಆಲಿಸಿ, ಅದನ್ನು ತೆಗೆದು ಹೇಳಿದಳು: “ಏನೂ ಇಲ್ವಲ್ಲ.”

ಯಜಮಾನರು ಕಿತ್ತುಕೊಂಡು ಹಾಕಿಕೊಂಡರು. ಪೀಂಯ್. ಕಳಚಿ ಕೂಗಿದರು: “ಇದೆ!”

ಅವಳು ಹಾಕಿಕೊಂಡಳು. ತೆಗೆದಳು. “ಇಲ್ಲ.”

“ನಿನಗೆ ನಿಮ್ಮಮ್ಮನ ಕಿವಿ ಬಂದಿದೆ.”

“ನಿಮಗೆ ನಿಮ್ಮಮ್ಮನ ಬಾಯಿ ಬಂದಿದೆ.”

ಮೂರನೆಯ ಸಲ ಯಜಮಾನರಿಗೆ ನಂಬಿಕೆಯೇ ಹೋಗಿ, ಅವಳ ಮೇಲೆ ಬಗ್ಗಿ, ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತರು. ಹೆಡ್‌ಫೋನಿನಿಂದ ಬಾಯಿಯ ಬಳಿಗೆ ಬಾಗಿ ಬಂದಿದ್ದ ಪುಟ್ಟ ಮೈಕು ಇಬ್ಬರ ನಡುವೆ ಸಿಕ್ಕಿಕೊಂಡಿತು. ಹೆಂಡತಿ ತಟ್ಟನೆ ಕಣ್ಣು ಬಿಟ್ಟಳು. “ಬಂತು!”

“ನಾನು ಹೇಳಲಿಲ್ವಾ!” ಯಜಮಾನರು ಸಂಭ್ರಮದಿಂದ ಹಿಂದಕ್ಕೆ ಹಾರಿದರು.

“ಹೋಯ್ತು.”

“ಹೋಯ್ತಾ?”

“ಹತ್ತಿರ ಬನ್ನಿ... ಬಂತು. ದೂರ ಹೋಗಿ... ಹೋಯ್ತು. ಇನ್ನೊಂದ್ಸಲ ಬನ್ನಿ. ಬಗ್ಗಿ. ಉಸಿರು ಹಿಡೀರಿ.” ಯಜಮಾನರು ಹೇಳಿದ ಹಾಗೆಲ್ಲ ಮಾಡಿದರು. ಮದುವೆಯಾದ ಮೇಲೆ ಇಷ್ಟು ವಿಧೇಯರಾಗಿ ಅವರು ನಡೆದುಕೊಂಡದ್ದಿಲ್ಲ. “ಈಗ ಬಿಡಿ.”

ಬಿಟ್ಟರು. ಹೆಂಡತಿ ಹೆಡ್‌ಫೋನು ಕಳಚಿ ಮೇಜಿನ ಮೇಲಿಟ್ಟು, ಸೆರಗು ಬಾಯಿಗೆ ಅಡ್ಡ ಹಿಡಿದು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ರೀ, ಇದು ನಿಮ್ಮ ಮೂಗು!”

“ನನ್ನ ಮೂಗು ನನ್ನ ಮುಖದ ಮೇಲಿದೆ. ಹೆಡ್‌ಫೋನಿನೊಳಗೆ ಹೇಗೆ ತೂರುತ್ತೆ?”

ಆಗ ಅವಳಿಗೆ ಒಂದು ವಿಷಯ ನೆನಪಾಯಿತು. ನಗು ಕೊಂಚ ಇಳಿಯಿತು. ಪರವೂರಿನಲ್ಲಿರುವ ತಮ್ಮ ತಂಗಿಯ ಜೊತೆ ಅತ್ತೆ ಇದೇ ಕಂಪ್ಯೂಟರಿನಲ್ಲಿ, ಇದೇ ಹೆಡ್‌ಫೋನು ಹಾಕಿಕೊಂಡು ಮಾತಾಡುತ್ತಾರೆ. ತಮ್ಮ ಧ್ವನಿ ತಮಗೆ ಕೇಳದಿದ್ದರೆ ಅವರು ಕಿಟಕಿ ಗಾಜು ನಡುಗುವಂತೆ ಕೂಗುತ್ತಾರೆ.

“ಅಮ್ಮ ಕೂಗ್ತಾಳೆ ಅಂತ ನೀವೇ ರೇಗಾಡಿದ್ರಲ್ಲ? ಮೈಕಿಗೆ ಬಿದ್ದ ಸದ್ದು ವಾಪಸ್ಸು ಕಿವಿಗೇ ಕೇಳೋ ಹಾಗೆ ಇದರಲ್ಲಿ ಒಂದು ಏರ್ಪಾಡಿದೆ. ಅದನ್ನ ಹಾಕಿದೆ. ಅಮ್ಮ ಮೆತ್ತಗಾದಳು. ಆಮೇಲೆ ತೆಗೆಯೋದು ಮರೆತೆ.”

ಯಜಮಾನರು ಮೆಲ್ಲಗೆ ಮೂಗು ಮುಟ್ಟಿ ನೋಡಿಕೊಂಡರು. ಇಷ್ಟು ವರ್ಷ ಜೊತೆಗಿದ್ದೂ ಅದು ಇಂಥದ್ದೆಂದು ಗೊತ್ತಿರಲಿಲ್ಲ.

“ಇದು... ಯಾವಾಗಿಂದ?”

“ನಾನು ಬಂದಾಗಿಂದ ಇದೆ.”

“ಹೇಳಬಾರದಿತ್ತಾ?”

“ಹೇಳಿದ್ರೆ ಏನು ಮಾಡ್ತಿದ್ರಿ? ಉಸಿರಾಡೋದು ಬಿಡ್ತಿದ್ರಾ?” ಎಂದವಳು, ಯಂತ್ರದ ಕಡೆ ಹೊರಟು, ಬಾಗಿಲಲ್ಲಿ ತಿರುಗಿ ನೋಡದೆಯೇ ಸೇರಿಸಿದಳು: “ಮೊದಮೊದಲು ನಿದ್ದೆ ಬರ್ತಿರಲಿಲ್ಲ. ಈಗ ಅದು ಕೇಳಿಸದಿದ್ರೆ ಬರಲ್ಲ.”

ಯಜಮಾನರು ಅವಳ ಹಿಂದೆಯೇ ಹೊರಟರು. ಹೋಗಿ ಫ್ರಿಜ್ಜು, ಫ್ಯಾನು, ಗಡಿಯಾರ, ಹೊಲಿಗೆ ಯಂತ್ರ ಎಲ್ಲಕ್ಕೂ ಪ್ರಾಣದಾನ ಮಾಡಿ, ಮೊಬೈಲನ್ನು ಬಚ್ಚಲುಮನೆಯಿಂದ ಬಿಡಿಸಿ ತಂದರು. ಹೆಂಡತಿ ಹೇಳಿಕೊಟ್ಟಂತೆ ಆ ಏರ್ಪಾಡನ್ನು ತೆಗೆದುಹಾಕಿದರು. ಹೆಡ್‌ಫೋನು ಹಾಕಿಕೊಂಡರೆ, ಆಹಾ! ಡಾಕ್ಟರ ಒಂದೊಂದು ಅಕ್ಷರವೂ ತಟ್ಟೆಗೆ ಬಿದ್ದ ಮುತ್ತಿನಂತೆ. ಪಕ್ಕದಲ್ಲಿ ಹೊಲಿಗೆ ಯಂತ್ರ ಗುಡುಗುತ್ತಿದ್ದರೂ ಮಧ್ಯಾಹ್ನ ಬಂದ ಉದ್ದದ ವರದಿ ಸಂಜೆಗೆ ಮೊದಲೇ ಮುಗಿದು ಹೋಯಿತು. “ಒಂದೂ ತಪ್ಪಿಲ್ಲ ಸಾರ್, ಇನ್ನು ಯೋಚನೆ ಬೇಡ,” ಎಂದು ಮೇಲ್ವಿಚಾರಕಿ ಫೋನು ಮಾಡಿದಳು. ಆ ಖುಷಿಯಲ್ಲಿ ಯಜಮಾನರು ಕರೆಯದಿದ್ದರೂ ಹೋಗಿ ಚಡ್ಡಿಗಳಿಗೆ ಗುಂಡಿ ಹೊಲಿಯಲು ಕೂತರು. ಶಾಲೆಯವರ ಗಾಡಿ ಬರುವಷ್ಟರಲ್ಲಿ ಎಲ್ಲ ಚಡ್ಡಿಗೂ ಎರಡೆರಡು ಕಾಲು ಬಂದಿದ್ದವು.

ಗಂಟು ಹೊತ್ತ ಗಾಡಿ ಬೀದಿಯ ತಿರುವು ದಾಟಿತ್ತೋ ಇಲ್ಲವೋ, ಒಳಗಿನಿಂದ ಬಾಂಬು ಸಿಡಿದಂತೆ ಅತ್ತೆಯ ಧ್ವನಿ ಕೇಳಿಸಿತು. ತಂಗಿಯ ಜೊತೆ ಮಾತು ಶುರುವಾಗಿತ್ತು, ಮಗಳು ಹೇಳಿದ ಕಥೆ ಅಲ್ಲಿಗೆ ದಾಟುತ್ತಿತ್ತು. ಅತ್ತೆಯ ಧ್ವನಿ ಅತ್ತೆಗೆ ಕೇಳುತ್ತಿರಲಿಲ್ಲ. ಬೀದಿಗೆಲ್ಲ ಕೇಳುತ್ತಿತ್ತು.

“ಅಳಿಯಂದಿರದ್ದು ಕಣೇ! ಮೂಗು!... ಏನು? ಮಗೂನಾ?... ಅಳಿಯಂದಿರಿಗೆ ಮಗೂನಾ ಅಂತೀಯಲ್ಲೇ, ನಿನ್ನ ಕಿವಿಗೆ ಏನಾಗಿದೆ!... ಏನಂದೆ, ಗಂಡೋ ಹೆಣ್ಣೋ?... ಅಯ್ಯೋ, ಪೀಂಯ್ ಅನ್ನುತ್ತೆ ಕಣೇ, ಇಡೀ ರಾತ್ರಿ ಪೀಂಯ್ ಅನ್ನುತ್ತೆ!”

ಎದುರುಮನೆಯ ಮಹಡಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ನೆರೆಯಾಕೆ ಒಗೆದ ಸೀರೆಯನ್ನು ಎದೆಗವಚಿಕೊಂಡು ಅಂಚಿನ ಕಂಬಿಯ ಬಳಿಗೆ ಬಂದಳು. ಅವಳ ಮುಖ ಅರಳಿತ್ತು. “ಏನಂದ್ರು ನಿಮ್ಮತ್ತೆ? ಮಗುವಂತಾ? ರಾತ್ರಿಯೆಲ್ಲ ಅಳುತ್ತಾ? ಒಂದು ಮಾತೂ ಹೇಳಲಿಲ್ವಲ್ರೀ!”

ಅಕ್ಕಪಕ್ಕದ ಕಿಟಕಿಗಳು ಒಂದೊಂದಾಗಿ ತೆರೆದವು. ಒಳಗೆ ಹೆಂಡತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವಂತಿರಲಿಲ್ಲ. ಮನೆತನದ ಮಾನ ಉಳಿಸುವ ಭಾರ ಪೂರ್ತಿ ಯಜಮಾನರ ಮೇಲೇ ಬಿತ್ತು. ಅವರು ಬಾಗಿಲ ಮೆಟ್ಟಿಲ ಮೇಲೆ ನಿಂತು, ಎದೆಯುಬ್ಬಿಸಿ, ಬೀದಿಯ ಆ ತುದಿಗೂ ಈ ತುದಿಗೂ ಸಂದೇಹ ಉಳಿಯದ ಹಾಗೆ ಕೂಗಿ ಹೇಳಿದರು:

“ಮಗು ಅಲ್ರೀ, ಮೂಗು! ನನ್ನ ಮೂಗು! ಪೀಂಯ್ ಅನ್ನೋದು ನಾನು!”