ಡೀನರನ್ನು ಕಚ್ಚಿದ ವಿಷಯವಾಗಿ ಕೊಳದ ಹಂಸರಾಜರಿಗೆ

ಮಾನ್ಯ ಹಂಸರಾಜರೇ,

ಗ್ರಂಥಾಲಯದ ಹಿಂದಿನ ಕೊಳದ ಏಕಮಾತ್ರ ಒಡೆಯರೂ, ದಂಡೆಯ ಮೇಲಿನ ಮೂರು ಕಲ್ಲುಬೆಂಚುಗಳ ಖಾಯಂ ಹಕ್ಕುದಾರರೂ, ಸೈಕಲ್ ಸವಾರರ ಪಾಲಿನ ಪ್ರತ್ಯಕ್ಷ ಯಮಧರ್ಮರೂ ಆದ ತಮ್ಮ ಪಾದಗಳಿಗೆ, ಬೆರಳುಗಳ ನಡುವಿನ ಪೊರೆಯನ್ನೂ ಒಳಗೊಂಡಂತೆ, ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿರುವುದನ್ನು ಇಂದು ಬೆಳಿಗ್ಗೆ ಹಾಸ್ಟೆಲಿನ ಕಿಟಕಿಯಿಂದ ಕಣ್ಣಾರೆ ಕಂಡೆ. ಅಂಚೆಯವನ ಟೋಪಿ ಆಗ ತಮ್ಮ ಬಾಯಲ್ಲಿತ್ತು. ನಾನು ಮಾತ್ರ ಕ್ಷೇಮವಾಗಿಲ್ಲ. ಅದಕ್ಕೆ ಕಾರಣ ತಾವೇ ಎಂದು ಬಹಿರಂಗವಾಗಿ ನಿವೇದಿಸಿಕೊಳ್ಳುವುದಕ್ಕಾಗಿ ಈ ಪತ್ರವನ್ನು ಬರೆದು, ಕೊಳದ ಪಕ್ಕದ ಸೂಚನಾಫಲಕಕ್ಕೆ ನಾಲ್ಕು ಪಿನ್ನು ಚುಚ್ಚಿ ಸಿಕ್ಕಿಸುತ್ತಿದ್ದೇನೆ.

ಕನ್ನಡದಲ್ಲಿ ಬರೆಯುವ ಧಾರ್ಷ್ಟ್ಯವನ್ನು ಮನ್ನಿಸಬೇಕು. ಈ ಊರಿನಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಆದರೆ ತಮ್ಮ ಕುಲದವರು ಸಾಕ್ಷಾತ್ ವಿದ್ಯಾದೇವತೆಯನ್ನೇ ಬೆನ್ನ ಮೇಲೆ ಹೊತ್ತು ತಿರುಗಿದವರು ಎಂದು ನಾನು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇನೆ. ಅಷ್ಟು ವರ್ಷ ಹೊತ್ತವರಿಗೆ ನಾಲ್ಕಕ್ಷರವಾದರೂ ಬಾರದೆ ಇದ್ದೀತೇ?

ನನ್ನ ಪರಿಚಯ ತಮಗೆ ಹೊಸದೇನಲ್ಲ. ಒಂದು ವರ್ಷದ ವಿನಿಮಯ ವಿದ್ಯಾರ್ಥಿನಿಯಾಗಿ ನಾಲ್ಕು ತಿಂಗಳ ಹಿಂದೆ ಇಲ್ಲಿಗೆ ಬಂದಿಳಿದು, ಮೊದಲ ವಾರದಲ್ಲೇ ಸ್ಟೀಲಿನ ಬಟ್ಟಲಲ್ಲಿ ನೀರು ಬೆರೆಸಿದ ಹಾಲು ಹಿಡಿದು ತಮ್ಮ ದಂಡೆಗೆ ಬಂದವಳೇ ನಾನು. ಹಂಸವು ನೀರನ್ನು ಬಿಟ್ಟು ಹಾಲನ್ನಷ್ಟೇ ಕುಡಿಯುತ್ತದೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಕಣ್ಣಾರೆ ಕಂಡವರು ಯಾರೂ ಇಲ್ಲ. ನಮ್ಮ ಮನೆತನದಲ್ಲಿ ಆ ಭಾಗ್ಯ ನನಗೇ ಒದಗಿತೆಂದು ಹಿಗ್ಗಿದ್ದೆ. ತಾವು ಹಾಲನ್ನೂ ಬಿಟ್ಟಿರಿ, ನೀರನ್ನೂ ಬಿಟ್ಟಿರಿ. ಬಟ್ಟಲನ್ನು ಕೊಳಕ್ಕೆ ಎಸೆದು, ನನ್ನನ್ನು ಗ್ರಂಥಾಲಯದ ಮೆಟ್ಟಿಲಿನವರೆಗೂ ಅಟ್ಟಿಸಿಕೊಂಡು ಬಂದಿರಿ. ನೂರಾರು ವರ್ಷಗಳ ನಂಬಿಕೆಯನ್ನು ಅರ್ಧ ನಿಮಿಷದಲ್ಲಿ ಇತ್ಯರ್ಥಗೊಳಿಸಿದ ತಮ್ಮ ವೈಜ್ಞಾನಿಕ ಮನೋಭಾವಕ್ಕೆ ಅಂದೇ ತಲೆಬಾಗಿದ್ದೇನೆ. ಬಟ್ಟಲು ಇನ್ನೂ ಕೊಳದ ತಳದಲ್ಲಿದೆ. ಅದು ಅಮ್ಮನದು.

ಇನ್ನು ವಿಷಯಕ್ಕೆ ಬರುತ್ತೇನೆ. ಕಳೆದ ಶುಕ್ರವಾರ ಸಂಜೆ ಆರು ಗಂಟೆಗೆ ವಿದ್ಯಾರ್ಥಿ ಭವನದಲ್ಲಿ ವೇಷಭೂಷಣದ ಪಾರ್ಟಿ ಏರ್ಪಾಡಾಗಿತ್ತು. ಅದುವರೆಗೆ ಈ ಊರಿನಲ್ಲಿ ನಾನು ಆಡಿದ ಮಾತೆಂದರೆ ‘ಥ್ಯಾಂಕ್ಯೂ’, ‘ಸಾರಿ’ ಮತ್ತು ‘ಈ ಬಸ್ಸು ಎಲ್ಲಿಗೆ ಹೋಗುತ್ತದೆ’ ಎಂಬ ಮೂರೇ. ನನ್ನ ಎಡಗಡೆ ಕೋಣೆಯ ಹುಡುಗಿ ಮತ್ತು ಬಲಗಡೆ ಕೋಣೆಯ ಹುಡುಗ ಒಂದು ದಿನ ಬಾಗಿಲು ತಟ್ಟಿ, ನೀನೂ ಬರಲೇಬೇಕೆಂದು ಪಟ್ಟು ಹಿಡಿದರು. ಪಾರ್ಟಿಯ ದಿನ ಆಕೆ ಗಜ್ಜರಿಯ ವೇಷ ಹಾಕಿದ್ದಳು, ಆತ ಬೀದಿದೀಪದ ಕಂಬದ ವೇಷ ಹಾಕಿದ್ದ. ಆ ದಿನದಿಂದ ಅವರನ್ನು ನಾನು ಗಜ್ಜರಿ, ದೀಪದ ಕಂಬ ಎಂದೇ ಕರೆಯುತ್ತೇನೆ; ಅವರೂ ಓಗೊಡುತ್ತಾರೆ. ನಾನು ಯಾವ ವೇಷ ಹಾಕಲಿ ಎಂದು ಎರಡು ದಿನ ತಲೆಕೆಡಿಸಿಕೊಂಡು, ಕೊನೆಗೆ ಹೆಸರು ಬರೆಯುವ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ‘ಹಂಸ’ ಎಂದು ಬರೆದೆ. ತಮ್ಮ ಮೇಲಿನ ಗೌರವವೇ ಅದಕ್ಕೆ ಕಾರಣವೆಂದು ತಾವು ನಂಬಿದರೆ ನನ್ನ ಆಕ್ಷೇಪವಿಲ್ಲ.

ಹಾಸ್ಟೆಲಿನ ಎರಡು ಬಿಳಿ ಹಾಸುಹೊದಿಕೆ ಮೈಯಾಯಿತು. ವ್ಯಾಕ್ಯೂಮ್ ಕ್ಲೀನರಿನ ಕೊಳವೆಗೆ ಬಿಳಿ ಕಾಲುಚೀಲಗಳನ್ನು ಹೊಲಿದು ಹಾಕಿದ ಮೇಲೆ ಕತ್ತಾಯಿತು. ಎಣ್ಣೆ ಸುರಿಯುವ ಕಿತ್ತಳೆ ಬಣ್ಣದ ಲಾಳಿಕೆ ಕೊಕ್ಕಾಯಿತು. ನೋಡಿದವರು ‘ಒಂಟೆ ಚೆನ್ನಾಗಿದೆ’ ಎಂದರು. ಆದರೆ ಕೊಳದ ದಂಡೆಯ ದಾರಿಯಲ್ಲಿ ನಾವು ಮೂವರೂ ಹೋಗುತ್ತಿದ್ದಾಗ ನನ್ನನ್ನು ಹಂಸವೆಂದು ಗುರುತಿಸಿದ ಏಕೈಕ ರಸಿಕರು ತಾವು. ಗುರುತಿಸಿದ್ದು ಮಾತ್ರವಲ್ಲ, ತಮ್ಮ ರಾಜ್ಯಕ್ಕೆ ನುಗ್ಗಿದ ಎಂಟಡಿ ಕತ್ತಿನ ಎದುರಾಳಿಯೆಂದು ಭಾವಿಸಿ, ರೆಕ್ಕೆ ಬಿಚ್ಚಿ, ಬುಸುಗುಟ್ಟುತ್ತಾ ನೀರಿನಿಂದ ಎದ್ದು ಬಂದಿರಿ. ಕಲಾವಿದೆಯ ಬಾಳಿನಲ್ಲಿ ಇದಕ್ಕಿಂತ ದೊಡ್ಡ ಪ್ರಶಂಸೆ ಇಲ್ಲವಂತೆ. ನಾನು ಆ ಪ್ರಶಂಸೆಯನ್ನು ನಿಂತು ಸ್ವೀಕರಿಸದೆ ಕಾಲಿಗೆ ಬುದ್ಧಿ ಹೇಳಿದೆ. ಗಜ್ಜರಿಯೂ ದೀಪದ ಕಂಬವೂ ನನ್ನ ಹಿಂದೆಯೇ ಎದ್ದೆವೋ ಬಿದ್ದೆವೋ ಎಂದು ಓಡಿಬಂದರು. ಭವನದ ಹಿಂಬಾಗಿಲಿನಿಂದ ಅಡುಗೆಮನೆಗೆ ನುಗ್ಗಿ, ಅಲ್ಲಿಂದ ಉಗ್ರಾಣಕ್ಕೆ ಹೊಕ್ಕು, ಬಾಗಿಲು ಎಳೆದುಕೊಂಡೆವು. ಅದರ ಹಿಡಿ ಕಳಚಿ ನನ್ನ ಕೈಗೇ ಬಂತು.

ಹೀಗೆ ನಾವು, ಆ ಹಿಡಿಯನ್ನು ಹೇಗೋ ಮತ್ತೆ ಸಿಕ್ಕಿಸುವವರೆಗೆ, ಒಂದೂವರೆ ಗಂಟೆ ಅಲ್ಲಿ ಬಂದಿಗಳಾದೆವು. ನಿಜ ಹೇಳುತ್ತೇನೆ, ಹಂಸರಾಜರೇ: ಈ ನಾಲ್ಕು ತಿಂಗಳಲ್ಲಿ ನಾನು ಇಷ್ಟು ಸಂತೋಷಪಟ್ಟ ಹೊತ್ತು ಇನ್ನೊಂದಿಲ್ಲ. ಹಿಟ್ಟಿನ ಮೂಟೆಗಳ ಮೇಲೆ ಕುಳಿತು, ದೀಪದ ಕಂಬದ ತಲೆಯ ಬೆಳಕಿನಲ್ಲಿ, ಯಾರದೋ ಹುಟ್ಟುಹಬ್ಬಕ್ಕೆಂದು ಇಟ್ಟಿದ್ದ ಇಡೀ ಕೇಕನ್ನು ಕೈಯಿಂದಲೇ ಮುರಿದು ತಿಂದೆವು. ಗಜ್ಜರಿ ತನ್ನ ಅಜ್ಜಿಗೆ ನಾಯಿಗಳೆಂದರೆ ಎಷ್ಟು ಭಯವೆಂದು ಅಭಿನಯಿಸಿ ತೋರಿಸಿದಳು, ನಾನು ನಮ್ಮ ಚಿಕ್ಕಪ್ಪ ಫೋನಿನಲ್ಲಿ ಕಿರುಚುವ ಬಗೆ ತೋರಿಸಿದೆ, ದೀಪದ ಕಂಬ ನಕ್ಕು ನಕ್ಕು ಬಿಕ್ಕಳಿಕೆ ಬಂದು ಆರಿ ಆರಿ ಹೊತ್ತಿಕೊಳ್ಳುತ್ತಿದ್ದ. ಮರುದಿನ ಅಮ್ಮ ಫೋನು ಮಾಡಿ, “ಯಾಕೆ, ಧ್ವನಿ ಹೀಗಿದೆ? ಅತ್ತಿದ್ದೀಯೇನೇ?” ಎಂದು ಕೇಳಿದಾಗ, ನಕ್ಕು ಗಂಟಲು ಕಟ್ಟಿದೆ ಎಂದರೆ ಅವಳು ನಂಬಲಿಲ್ಲ. ಈ ಸ್ನೇಹಕ್ಕೆ ಮೂಲಕಾರಣರು ತಾವು. ಅದಕ್ಕಾಗಿ ತಮಗೆ ಋಣಿ.

ಆದರೆ ಅದೇ ಹೊತ್ತಿನಲ್ಲಿ ತಾವು ಮುಂಬಾಗಿಲಿಗೆ ಬಂದಿದ್ದಿರಿ. ಬಾಗಿಲು ಕಾಯುತ್ತಿದ್ದ ಕಡಲುಗಳ್ಳ ವೇಷದ ವಿದ್ಯಾರ್ಥಿ, ಹಾಳೆಯಲ್ಲಿ ‘ಹಂಸ’ ಎಂಬ ಹೆಸರಿಗೆ ಗುರುತು ಹಾಕಿ, ನನ್ನ ಹೆಸರು ಹಿಡಿದು ಕರೆದು, “ಏನು ವೇಷ ಹಾಕಿದ್ದೀಯ ಮಾರಾಯ್ತಿ!” ಎಂದು ತಮ್ಮನ್ನು ಒಳಗೆ ಬಿಟ್ಟನಂತೆ. ಮುಂದಿನದನ್ನು ನಾನು ಕಂಡವಳಲ್ಲ. ಕಂಡ ಇನ್ನೂರು ಜನ ನನಗೇ ಹೊಗಳಿ ಹೇಳಿದ್ದು ಇದು. ತಾವು ಕುಣಿಯುವವರ ನಡುವೆ ಕತ್ತೆತ್ತಿ ನಡೆದಿರಿ. ಮೂವರು ಮಾಟಗಾತಿಯರನ್ನೂ ಒಬ್ಬ ರೋಮನ್ ಸೈನಿಕನನ್ನೂ ಮೇಜಿನ ಮೇಲೆ ಹತ್ತಿಸಿದಿರಿ. ಸಲಾಡಿನ ಬೋಗುಣಿಯಲ್ಲಿ ಕುಳಿತಿರಿ. ವೇದಿಕೆಯ ನಟ್ಟನಡುವೆ ನಿಂತು, ಸಭ್ಯ ಭಾಷೆಯಲ್ಲಿ ಹೇಳಬೇಕೆಂದರೆ, ದೇಹಬಾಧೆಯನ್ನು ತೀರಿಸಿಕೊಂಡಿರಿ. ನಾಟಕ ವಿಭಾಗದ ಅಧ್ಯಾಪಕಿ ಅದನ್ನು ಕಂಡು ಕಣ್ಣೀರು ಒರೆಸಿಕೊಂಡು, ಪಾತ್ರದಲ್ಲಿ ಇಷ್ಟು ತನ್ಮಯತೆಯನ್ನು ಮೂವತ್ತು ವರ್ಷಗಳಲ್ಲಿ ಕಂಡಿರಲಿಲ್ಲ ಎಂದರಂತೆ. ಮೊದಲ ಬಹುಮಾನ ತಮಗೇ ಬಂತು. ಗಗನಯಾತ್ರಿಯ ವೇಷದಲ್ಲಿದ್ದ ಡೀನ್ ಸಾಹೇಬರು ತಮ್ಮ ಉದ್ದ ಕೊರಳಿಗೆ ಬಹುಮಾನದ ಕೆಂಪು ಪಟ್ಟಿ ತೊಡಿಸಿ, ಎರಡು ಮಾತಾಡಲೆಂದು ಸಭೆಯ ಕಡೆಗೆ ತಿರುಗಿದಾಗ, ಅವರು ತಮಗೆ ತೋರಿಸಿದ ಭಾಗವನ್ನು ತಾವು ಕಚ್ಚಿದಿರಿ. ಕಚ್ಚಿ, ಹಿಡಿದು, ತಿರುಚಿದಿರಿ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ತಾವು ಪಟ್ಟಿಯ ಸಮೇತ ಹೊರಟುಹೋದಿರಿ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವರು ಮಹಾರಾಯರು, ಉಣ್ಣುತ್ತಿರುವವಳು ನಾನು. ದಾರಿಯಲ್ಲಿ ಗುರುತೇ ಇಲ್ಲದವರು ಬೆನ್ನು ತಟ್ಟುತ್ತಾರೆ. ಕ್ಯಾಂಟೀನಿನಾಕೆ ನನ್ನನ್ನು ಕಂಡರೆ ಸಲಾಡಿಗೆ ಮುಚ್ಚಳ ಹಾಕುತ್ತಾಳೆ. ಅಷ್ಟು ಚಿಕ್ಕ ಹಂಸದೊಳಗೆ ಐದಡಿ ನಾಲ್ಕಂಗುಲದ ನಾನು ಹೇಗೆ ಹಿಡಿಸಿದೆ ಎಂದು ಯಾರಿಗಾದರೂ ಅನುಮಾನ ಬರಬೇಕಿತ್ತು. ಬಂದವರಿಗೆ ಇನ್ನೊಬ್ಬರು, “ಅವರ ಕಡೆಯವರಿಗೆ ಯೋಗ ಗೊತ್ತಲ್ಲಾ” ಎಂದು ಸಮಾಧಾನ ಹೇಳಿಬಿಟ್ಟಿದ್ದಾರೆ. ನನಗೆ ಬಗ್ಗಿ ನನ್ನ ಕಾಲ್ಬೆರಳು ಮುಟ್ಟಲೂ ಬರುವುದಿಲ್ಲ.

ಹೊಗಳಿಕೆಯ ಬೆನ್ನಿಗೇ ಶಿಸ್ತು ಸಮಿತಿಯ ನೋಟೀಸು ಬಂದಿದೆ. ಡೀನರ ಹಿಂಭಾಗಕ್ಕೆ ಹಾನಿ, ವೇದಿಕೆಗೆ ಅಪಚಾರ, ಸಲಾಡಿಗೆ ಅಪಚಾರ ಎಂದು ಮೂರು ಆರೋಪಗಳಿವೆ. ಸೋಮವಾರ ಹತ್ತೂವರೆಗೆ ಎರಡನೇ ಮಹಡಿಯಲ್ಲಿ ವಿಚಾರಣೆ. ತಪ್ಪು ಸಾಬೀತಾದರೆ ವಾರದೊಳಗೆ ನನ್ನನ್ನು ಊರಿಗೆ ವಾಪಸು ಕಳಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೆ. ಹಂಸಕ್ಕೆ ಸಿಟ್ಟು ಬಂದರೆ ಹುಡುಗಿಯನ್ನು ವಿಮಾನ ಹತ್ತಿಸುವುದನ್ನು ಇಲ್ಲೇ ಕಂಡೆ. ನನ್ನ ವೇಷವನ್ನೇ ಸಾಕ್ಷಿಯಾಗಿ ಒಯ್ದು ತೋರಿಸಿದೆ; ಇಂಥ ವೇಷ ನನ್ನಲ್ಲಿದೆ ಎಂಬುದೇ ಸಾಕ್ಷಿ ಎಂದು ಬರೆದುಕೊಂಡರು. ಗಜ್ಜರಿ ಮತ್ತು ದೀಪದ ಕಂಬ ಹೋಗಿ, ಆಕೆ ನಮ್ಮ ಜೊತೆ ಉಗ್ರಾಣದಲ್ಲಿದ್ದಳು ಎಂದರು. ಹಾಗಾದರೆ ಕೇಕು ತಿಂದವರು ನೀವೇ ಎಂದು ಅವರಿಗೂ ಒಂದು ನೋಟೀಸು ಕೊಟ್ಟರು. ಅದು ಹಂಸವೇ, ನಿಜವಾದ ಹಂಸ ಎಂದು ನಾನು ಅಳುತ್ತಾ ಹೇಳಿದಾಗ ಗುಮಾಸ್ತರು ಕರುಣೆಯಿಂದ, “ಪಾತ್ರದಿಂದ ಹೊರಗೆ ಬಾ ಮಗಳೇ” ಎಂದರು.

ನನಗೆ ಹೋಗಲು ಇಷ್ಟವಿಲ್ಲ. ಹೊರಡುವ ದಿನ ನಮ್ಮ ಚಿಕ್ಕಪ್ಪ ಎಲ್ಲರೆದುರು, “ನೋಡ್ತಿರಿ, ವರ್ಷ ತುಂಬೋದರೊಳಗೆ ಗಂಟುಮೂಟೆ ಕಟ್ಕೊಂಡು ಬರ್ತಾಳೆ” ಎಂದಿದ್ದರು. ಆಯುಷ್ಯದಲ್ಲಿ ಒಂದು ಸಲವೂ ನಿಜವಾಗದ ಅವರ ಭವಿಷ್ಯ ತಮ್ಮ ಕೊಕ್ಕಿನಿಂದ ನಿಜವಾಗುವುದನ್ನು ನಾನು ಸಹಿಸಲಾರೆ. ಅದಕ್ಕಿಂತ ಹೆಚ್ಚಾಗಿ, ನಾಲ್ಕು ತಿಂಗಳು ಗೋಡೆ ನೋಡಿಕೊಂಡು ಊಟ ಮಾಡಿದವಳಿಗೆ ಈಗಷ್ಟೇ ಎರಡು ಜನ ಸಿಕ್ಕಿದ್ದಾರೆ. ಈಗ ಬಾಗಿಲು ತಟ್ಟದೆಯೇ ಒಳಗೆ ಬರುತ್ತಾರೆ. ಅವರನ್ನು ಬಿಟ್ಟು ಹೋಗು ಎಂದರೆ ಹೇಗೆ ಹೋಗಲಿ?

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಸೋಮವಾರ ಹತ್ತೂವರೆಗೆ ಖುದ್ದಾಗಿ ಹಾಜರಾಗಿ, ನನ್ನ ಪಕ್ಕದ ಕುರ್ಚಿಯಲ್ಲಿ ಐದು ನಿಮಿಷ ಕುಳಿತುಕೊಳ್ಳಬೇಕಾಗಿ ಪ್ರಾರ್ಥನೆ. ನಾವಿಬ್ಬರೂ ಬೇರೆ ಬೇರೆ ಎಂದು ಸಮಿತಿಗೆ ಮನದಟ್ಟಾದರೆ ಸಾಕು. ಲಿಫ್ಟು ಕೆಟ್ಟಿದೆ, ತಮಗೆ ರೆಕ್ಕೆಗಳಿವೆ. ಬರಲು ಪುರುಸೊತ್ತಿಲ್ಲದಿದ್ದರೆ ‘ಕಚ್ಚಿದವನು ನಾನೇ’ ಎಂದು ಒಂದು ಸಾಲು ಬರೆದು ಕೊಟ್ಟರೂ ಆದೀತು. ಲೇಖನಿಗೆ ಗರಿ ತಮ್ಮಲ್ಲೇ ಇದೆ, ಮಸಿ ನಾನು ತರುತ್ತೇನೆ. ಅದೂ ಆಗದಿದ್ದರೆ ವಿಚಾರಣೆಯ ಹೊತ್ತಿಗೆ ಕೆಂಪು ಪಟ್ಟಿ ತೊಟ್ಟು ಎರಡನೇ ಮಹಡಿಯ ಕಿಟಕಿಯೆದುರು ಎರಡು ಸುತ್ತು ಹಾರಬೇಕು. ಪಟ್ಟಿಯನ್ನು ತಾವು ನುಂಗಿದ್ದೀರೆಂದು ಕಾವಲುಗಾರ ಹೇಳುತ್ತಾನೆ. ತಮ್ಮಂಥವರ ಬಗ್ಗೆ ಅಂಥ ಮಾತನ್ನು ನಾನು ತಕ್ಷಣ ನಂಬಿದೆ.

ಹಾಲನ್ನೂ ನೀರನ್ನೂ ಬೇರ್ಪಡಿಸಬಲ್ಲವರೆಂದು ಲೋಕ ಹೊಗಳುವ ತಾವು, ತಮ್ಮನ್ನೂ ನನ್ನನ್ನೂ ಬೇರ್ಪಡಿಸಿ ಕೊಡಬೇಕೆಂದು ಕೋರುತ್ತಾ, ಕಚ್ಚದೆಯೇ ಕಚ್ಚಿದವಳೆನಿಸಿಕೊಂಡ,

ತಮ್ಮ ವಿಶ್ವಾಸಿ,
ವ್ಯಾಕ್ಯೂಮ್ ಕ್ಲೀನರ್ ಕತ್ತಿನ ಹಂಸ

ಮರೆತ ಮಾತು: ಇದನ್ನು ಸೋಮವಾರ ಮಧ್ಯಾಹ್ನ ಸೇರಿಸುತ್ತಿದ್ದೇನೆ. ತಾವು ಬರಲಿಲ್ಲ. ಡೀನರಿಗೆ ಕೂರಲಾಗುವುದಿಲ್ಲವಾದ್ದರಿಂದ, ಅವರು ನಿಂತಿರುವಾಗ ಉಳಿದವರು ಕೂರುವುದು ಹೇಗೆಂದು ಸಮಿತಿಯ ಐವರೂ ಎರಡು ತಾಸು ನಿಂತೇ ವಿಚಾರಣೆ ನಡೆಸಿದರು. ಕೊನೆಗೆ ಶುಕ್ರವಾರ ಮಾಡಿದ್ದನ್ನು ಮತ್ತೊಮ್ಮೆ ಮಾಡಿ ತೋರಿಸು ಎಂದರು. ಬೇಕೆಂದೇ ಕೆಟ್ಟದಾಗಿ ಮಾಡಿದರೆ ಸಿಕ್ಕಿಬೀಳುತ್ತೇನೆಂದು ಹೆದರಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ ಬುಸುಗುಟ್ಟಿದೆ, ಕೈ ಬಡಿದೆ, ಕತ್ತು ಚಾಚಿ ನಡೆದೆ. ನಾಟಕದ ಅಧ್ಯಾಪಕಿ ಕನ್ನಡಕ ತೆಗೆದಿಟ್ಟು, “ಇವಳಲ್ಲ, ಇವಳಿಂದ ಸಾಧ್ಯವೇ ಇಲ್ಲ” ಎಂದರು. ಡೀನರೂ, ತನ್ನನ್ನು ಕಚ್ಚಿದವರಲ್ಲಿ ಒಂದು ಘನತೆಯಿತ್ತೆಂದು ನೆನಪಿಸಿಕೊಂಡರು. ಪ್ರತಿಭೆಯ ಅಭಾವದ ಆಧಾರದ ಮೇಲೆ ನನ್ನನ್ನು ಬಿಡುಗಡೆ ಮಾಡಿದ್ದಾರೆ. ವರ್ಷ ತುಂಬುವವರೆಗೂ ನಾನು ಇಲ್ಲೇ. ಹಾಗಾದರೆ ಆ ಹಂಸ ಯಾರೆಂದು ಕೇಳಿದಾಗ, ಕೊಳದಲ್ಲಿ ವಾಸವಾಗಿರುವವರು ಎಂದು ಸತ್ಯವನ್ನೇ ನುಡಿದೆ. ನಮ್ಮ ವಿಶ್ವವಿದ್ಯಾಲಯದಲ್ಲಿ ಇಷ್ಟು ಪ್ರತಿಭಾವಂತ ವಿದ್ಯಾರ್ಥಿಯೊಬ್ಬರಿಗೆ ವಸತಿಯಿಲ್ಲದೆ ಕೊಳದಲ್ಲಿ ಮಲಗುವ ಗತಿ ಬಂತೇ ಎಂದು ಸಮಿತಿ ನಾಚಿಕೊಂಡು, ವಾರ್ಡನ್ನರಿಗೆ ಛೀಮಾರಿ ಹಾಕಿ, ತಮಗೆ ತಕ್ಷಣ ಹಾಸ್ಟೆಲಿನಲ್ಲಿ ಜಾಗ ಕೊಡಬೇಕೆಂದು ಆದೇಶ ಹೊರಡಿಸಿದೆ. ಇಡೀ ಹಾಸ್ಟೆಲಿನಲ್ಲಿ ಖಾಲಿ ಇರುವುದು ಒಂದೇ ಮಂಚ, ಅದು ನನ್ನ ಕೋಣೆಯಲ್ಲಿದೆ. ನಾಳೆ ಒಂಬತ್ತಕ್ಕೆ ಬರುತ್ತೀರಂತೆ. ಕಿಟಕಿ ಪಕ್ಕದ್ದು ನನ್ನದು, ಈಗಲೇ ಹೇಳಿಬಿಟ್ಟಿದ್ದೇನೆ.