ಸತುವಿನ ಉಸಿರು

ಕಿವಿ ಕೇಳಿಸದೆ ಇದ್ದಾಗ ಮೇಷ್ಟ್ರಿಗೆ ಇದ್ದದ್ದು ಒಂದೇ ದುಃಖ, ಕಿವಿ ಕೇಳಿಸುತ್ತಿಲ್ಲವಲ್ಲ ಎಂಬುದು. ಕಿವಿಗೆ ಮಿಷನ್ ಬಂದ ಮೇಲೆ ದುಃಖಗಳು ನೂರೆಂಟಾದವು. ನಲ್ಲಿ ತೊಟ್ಟಿಕ್ಕುವುದು, ಫ್ಯಾನು ನರಳುವುದು, ತಮ್ಮದೇ ಚಪ್ಪಲಿ ಕಿರುಗುಟ್ಟುವುದು. ಇವನ್ನೆಲ್ಲ ಸಹಿಸಬಹುದಿತ್ತು. ಆದರೆ ನಾಲ್ಕು ವರ್ಷ ಕಿವಿ ಮಂದವಾಗಿದ್ದಾಗ ಹೆಂಡತಿ ಹೇಳಿಯೂ ಕೇಳಿಸದೆ ಕೂಡಿಬಿದ್ದಿದ್ದ ಮಾತೆಲ್ಲ ಈಗ ಬಡ್ಡಿ ಸಮೇತ ಹೊರಬರತೊಡಗಿತ್ತು.

ಮೇಷ್ಟ್ರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಮುಂಗೋಣೆಯ ಕಿಟಕಿಯ ಪಕ್ಕ ಅವರದೊಂದು ದೊಡ್ಡ ಮೇಜು. ಅದರ ಮೇಲೆ ಪ್ರನಾಳಗಳು, ತಾಮ್ರದ ತಂತಿ, ಹೊಟ್ಟೆ ಸೀಳಿದ ಹಳೆಯ ಬ್ಯಾಟರಿಗಳು. ಆ ಮೇಜು ಅವರ ಸಾಮ್ರಾಜ್ಯ. ಅಲ್ಲಿ ಕೂತು ಬೆಳಗಿನ ಪತ್ರಿಕೆಯನ್ನು ಮುದ್ರಕರ ಹೆಸರಿನವರೆಗೂ ಓದಿ ಮುಗಿಸುವುದು ಅವರ ಪರಮಾನಂದ. (ಒಂದಕ್ಷರವೂ ವ್ಯರ್ಥವಾಗಬಾರದು. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಸಿ ಒಳಗಿನದನ್ನು ಬಳಿದುಕೊಳ್ಳುವ ಜಾತಿ ಅವರದು.)

ಮಿಷನ್ ಬಂದ ದಿನವೇ ಅವರು ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಪಾಠ ಶುರುಮಾಡಿದ್ದರು. ಡಬ್ಬಿಯಲ್ಲಿ ಆರು ಪುಟ್ಟ ಸೆಲ್‌ಗಳು, ಒಂದೊಂದರ ಬೆನ್ನಿಗೂ ಒಂದು ಕಿತ್ತಳೆ ಬಣ್ಣದ ಸ್ಟಿಕ್ಕರ್.

"ನೋಡೇ, ಇದರೊಳಗಿರೋದು ಸತು. ಈ ಸ್ಟಿಕ್ಕರ್ ಅಡಿ ಸಣ್ಣ ತೂತಿದೆ. ಕಿತ್ರೆ ಗಾಳಿ ಒಳಗೆ ಹೋಗುತ್ತೆ. ಸತು ತನ್ನ ಎಲೆಕ್ಟ್ರಾನ್ ಕಳ್ಕೊಳ್ಳುತ್ತೆ, ಅದು ಉತ್ಕರ್ಷಣ. ಗಾಳೀಲಿರೋ ಆಮ್ಲಜನಕ ಅದನ್ನ ಪಡ್ಕೊಳ್ಳುತ್ತೆ, ಅದು ಅಪಕರ್ಷಣ."

"ಒಬ್ರು ಕಳ್ಕೊಳ್ತಾ ಇರೋದು, ಇನ್ನೊಬ್ರು ಕಿತ್ಕೊಳ್ತಾ ಇರೋದು. ನಮ್ಮನೆ ಥರಾನೇ ಅನ್ನಿ."

"ಹೂಂ. ಸತು ನಾನು."

"ಅಯ್ಯೋ, ಮೂವತ್ತು ವರ್ಷದಿಂದ ಸವೆಯುತ್ತಾ ಇರೋಳು ನಾನು! ನೀವು ಬರೀ ಗಾಳಿ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಮುಖ್ಯವಾದ ವಿಷಯ ಕೇಳು. ಒಂದ್ಸಲ ಕಿತ್ರೆ ಮುಗೀತು. ಬಳಸಿದ್ರೂ ಸವೆಯುತ್ತೆ, ಸುಮ್ನೆ ಇಟ್ರೂ ಸವೆಯುತ್ತೆ. ಮತ್ತೆ ಮುಚ್ಚಿದ್ರೆ ಕೆಲಸ ನಿಲ್ಲುತ್ತೆ, ಸವೆತ ನಿಲ್ಲಲ್ಲ. ಅದಕ್ಕೇ ಒಂದೊಂದೇ ಕೀಳ್ಬೇಕು. ಎಲ್ಲಾನೂ ಒಟ್ಟಿಗೆ ಕಿತ್ರೆ ಎಲ್ಲಾನೂ ಒಂದೇ ತಿಂಗಳಲ್ಲಿ ಗೋತಾ."

ಆಕೆ ಪೂರ್ತಿ ಕೇಳಿಸಿಕೊಂಡಳು. (ಹೆಂಡತಿ ಪೂರ್ತಿ ಕೇಳಿಸಿಕೊಂಡಾಗ ಗಂಡನಾದವನು ಹೆದರಬೇಕು. ಇದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ.)

ಐದನೆಯ ದಿನ, ನಾದಿನಿಯ ಮನೆಯ ಪರದೆಯ ಬಣ್ಣದ ವಿಚಾರ ಮುಕ್ಕಾಲು ಗಂಟೆ ಮುಟ್ಟಿದಾಗ, ಮೇಷ್ಟ್ರಿಗೆ ಜ್ಞಾನೋದಯವಾಯಿತು. ಮಿಷನ್ ತೆಗೆದಿಟ್ಟರೆ ಆಕೆಗೆ ಗೊತ್ತಾಗುತ್ತದೆ. ಗುಂಡಿ ಒತ್ತಿ ಆಫ್ ಮಾಡಿದರೆ ಕೆಂಪು ದೀಪ ಹೊತ್ತಿಕೊಂಡು ಚಾಡಿ ಹೇಳುತ್ತದೆ. ಆದರೆ ಸ್ಟಿಕ್ಕರ್ ಮತ್ತೆ ಅಂಟಿಸಿ ಸತುವಿನ ಉಸಿರು ಕಟ್ಟಿಸಿದರೆ? ಎರಡು ಮೂರು ನಿಮಿಷಕ್ಕೆ ಮಿಷನ್ ಸದ್ದಿಲ್ಲದೆ ಸಾಯುತ್ತದೆ, ದೀಪವೂ ಇಲ್ಲ, ಸಾಕ್ಷಿಯೂ ಇಲ್ಲ. ಸೆಲ್ ಒಂದಿಷ್ಟು ವ್ಯರ್ಥವಾಗುತ್ತದೆ, ನಿಜ. ಶಾಂತಿಗೆ ಅಷ್ಟು ಕಾಣಿಕೆ ಎಂದುಕೊಂಡರು.

ಅಂದಿನಿಂದ ಸ್ಟಿಕ್ಕರ್ ಅವರ ಅಂಗಿಯ ಕಾಲರಿನ ಒಳಮಗ್ಗುಲಲ್ಲಿ ವಾಸ ಮಾಡತೊಡಗಿತು. ಹೆಂಡತಿ ಬಾಯಿ ತೆರೆಯುವ ಲಕ್ಷಣ ಕಂಡರೆ ಅದು ಕಾಲರಿನಿಂದ ಸೆಲ್ಲಿಗೆ ವರ್ಗವಾಗುತ್ತಿತ್ತು. ಆಮೇಲೆ ತಲೆಯಾಡಿಸುವುದಕ್ಕೂ ಒಂದು ಶಾಸ್ತ್ರ ಬೆಳೆಯಿತು. ಆಕೆಯ ಗಲ್ಲ ಮೇಲೆದ್ದರೆ ಪ್ರಶ್ನೆ, ಅದಕ್ಕೆ "ಹೂಂ". ಹುಬ್ಬು ಗಂಟಿಕ್ಕಿದರೆ "ಛೆ ಛೆ". ಕೈ ಎರಡೂ ಅಗಲವಾದರೆ "ಅದೇ ಸರಿ, ನಿನ್ನಿಷ್ಟ". ಕೋಲೆಬಸವನಿಗೂ ಇಷ್ಟು ಶಿಸ್ತಿರಲಾರದು. ಹತ್ತು ದಿನ ಸ್ವರ್ಗದಲ್ಲಿ ಕಳೆದವು. ಹೆಂಡತಿಯ ಮುಖದಲ್ಲೂ ಒಂದು ತರದ ಕಳೆ ಬಂದಿತ್ತು. ಗಂಡ ಎದುರು ಮಾತಾಡದಿದ್ದರೆ ಹೆಂಗಸರು ಎಷ್ಟು ಸುಖವಾಗಿರುತ್ತಾರೆ ಎಂದು ಮೇಷ್ಟ್ರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಹನ್ನೊಂದನೆಯ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತಾರೆ, ಇಬ್ಬರು ಕೂಲಿಗಳು ಅವರ ಮೇಜನ್ನು ಎತ್ತುತ್ತಿದ್ದಾರೆ! ಬಾಗಿಲಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಎರಡರ ನಡುವೆ ಊರುಗೋಲು ಹಿಡಿದು ನಗುತ್ತಾ ನಿಂತವನು ಹೆಂಡತಿಯ ತಮ್ಮ. ಬಸ್ಸಿನಲ್ಲಿ ಮೂವತ್ತನಾಲ್ಕು ವರ್ಷ ಕಂಡಕ್ಟರ್ ಆಗಿದ್ದವನು. ಇಂಜಿನ್ನಿನ ಸದ್ದನ್ನೂ ಮೀರಿ ಕೊನೆಯ ಸೀಟಿಗೆ ಮುಟ್ಟುವ ಕಂಠ.

ಮೇಷ್ಟ್ರು ಗಡಿಬಿಡಿಯಿಂದ ಮಿಷನ್ ಎತ್ತಿಕೊಂಡು, ಸೆಲ್ಲಿನ ಬಾಗಿಲು ತೆರೆದು ಸ್ಟಿಕ್ಕರ್ ಕಿತ್ತು ಕಿವಿಗೆ ಹಾಕಿಕೊಂಡರು. ಆದರೆ ಸತು ಯಾರಪ್ಪನ ಮನೆಯ ಆಳೂ ಅಲ್ಲ. ಉಸಿರೆಳೆದು ಸುಧಾರಿಸಿಕೊಳ್ಳಲು ಅದಕ್ಕೆ ಐದು ನಿಮಿಷ ಬೇಕು. ಆ ಐದು ನಿಮಿಷದ ಮೂಕಿ ಚಿತ್ರದಲ್ಲಿ ಮೇಜು ಮೆಟ್ಟಿಲ ಕೆಳಗಿನ ಕತ್ತಲೆಗೆ ಹೋಯಿತು, ಕಿಟಕಿಯ ಪಕ್ಕ ಮಂಚ ಬಂತು, ಮಂಚದ ಮೇಲೆ ಭಾವಮೈದುನ ಬಂದ. ಆಮೇಲೆ ಮಿಷನ್ ಟಿಣ್ ಎಂದಿತು.

"ಏನೇ ಇದು! ನನ್ನ ಒಂದು ಮಾತು ಕೇಳೋದು ಬೇಡ್ವಾ?"

"ಕೇಳಿದ್ನಲ್ಲ! ಸೋಮವಾರ ಕಾಫಿ ಕೊಡುವಾಗ. 'ರೀ, ತಮ್ಮ ಮಂಡಿ ಆಪರೇಷನ್ ಮಾಡಿಸ್ಕೊಂಡಿದಾನೆ, ನಾಲ್ಕು ವಾರ ಇಲ್ಲಿರ್ಲಾ' ಅಂದೆ. ಹೂಂ ಅಂದ್ರಿ. 'ಮೇಜು ಮೆಟ್ಟಿಲ ಕೆಳಗೆ ಇಡಿಸ್ಲಾ' ಅಂದೆ. 'ಅದೇ ಸರಿ, ನಿನ್ನಿಷ್ಟ' ಅಂದ್ರಿ."

"ನಾನು ಫೋನಲ್ಲೇ ಇದ್ದೆ ಭಾವ," ಎಂದು ಭಾವಮೈದುನ ಗುಡುಗಿದ. "ನನ್ನ ಕಿವಿಯಾರೆ ಕೇಳ್ದೆ. ಕಣ್ಣಲ್ಲಿ ನೀರು ಬಂತು."

ಈಗ ಎರಡೇ ದಾರಿ. ಒಪ್ಪಿದ್ದೆ ಎನ್ನಬೇಕು, ಇಲ್ಲವೇ ಸ್ಟಿಕ್ಕರಿನ ಕಥೆ ಬಾಯಿಬಿಡಬೇಕು. "ಹೌದ್ಹೌದು, ಮರ್ತಿದ್ದೆ," ಎಂದರು ಮೇಷ್ಟ್ರು, ಇಂಗು ತಿಂದ ಮಂಗನ ಮುಖ ಮಾಡಿಕೊಂಡು.

ಭಾವಮೈದುನ ತನ್ನ ಮೊದಲ ಡ್ಯೂಟಿಯ ಮೊದಲ ಸ್ಟಾಪಿನಿಂದ ಆರಂಭಿಸಿದ. ಮೂರನೆಯ ಸ್ಟಾಪಿನಲ್ಲಿ ಮೇಷ್ಟ್ರ ಕೈ ಕಾಲರಿಗೆ ಹೋಯಿತು. ಸ್ಟಿಕ್ಕರ್ ಇಲ್ಲ. ಗಡಿಬಿಡಿಯಲ್ಲಿ ಎಲ್ಲೋ ಬಿದ್ದುಹೋಗಿದೆ. ಹೊಸದು ಕೀಳೋಣವೆಂದು ಒಳಗೆ ಹೋಗಿ ಡಬ್ಬಿ ತೆರೆದರು. ಸವೆದದ್ದೊಂದು, ಕಿವಿಯಲ್ಲಿದ್ದದ್ದೊಂದು ಬಿಟ್ಟು ಉಳಿದ ನಾಲ್ಕು ಸೆಲ್‌ಗಳೂ ಬೆನ್ನು ಬರಿದು ಮಾಡಿಕೊಂಡು ಮಲಗಿದ್ದವು. ಒಂದಕ್ಕೂ ಸ್ಟಿಕ್ಕರ್ ಇಲ್ಲ!

"ಅದನ್ನೂ ಕೇಳಿದ್ದೆ," ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ಇವತ್ತು ಬೆಳಿಗ್ಗೆ. 'ನಿಮಗ್ಯಾಕೆ ಕಷ್ಟ, ಎಲ್ಲಾನೂ ಕಿತ್ತಿಡ್ಲಾ' ಅಂತ. ಹೂಂ ಅಂದ್ರಿ."

ಮೇಷ್ಟ್ರು ಡಬ್ಬಿ ಮುಚ್ಚಿದರು. "ನಿನಗೆ... ಯಾವಾಗ ಗೊತ್ತಾಯ್ತು?"

"ನಿಮ್ಮ ಅಂಗಿ ಒಗೆಯೋರು ಯಾರು ಅಂದ್ಕೊಂಡ್ರಿ? ಒಂದು ವಾರ ಆಯ್ತು." ಆಕೆಯ ಧ್ವನಿ ತಗ್ಗಿತು. "ನಾಲ್ಕು ವರ್ಷ ಗೋಡೆ ಹತ್ರ ಮಾತಾಡಿದ ಹಾಗೆ ಮಾತಾಡಿದೀನಿ ರೀ. ಮಿಷನ್ ಬಂದ ದಿನ ಎಷ್ಟು ಖುಷಿಯಾಗಿತ್ತು ಗೊತ್ತಾ?"

ಚಾಪೆ ಕೆಳಗೆ ತೂರಿದವರನ್ನು ಆಕೆ ರಂಗೋಲಿ ಕೆಳಗೆ ತೂರಿ ಹಿಡಿದಿದ್ದಳು. ಮೇಷ್ಟ್ರಿಗೆ ನಾಚಿಕೆಯಾಯಿತು, ನಿಜಕ್ಕೂ ಆಯಿತು. ಆದರೆ ಅಭ್ಯಾಸಬಲ, ತಲೆ ಆಗಲೇ ಲೆಕ್ಕಕ್ಕೆ ಕೂತಿತ್ತು. ಬೆಳಿಗ್ಗೆಯಿಂದ ಮಲಗುವವರೆಗೆ ಬಿಡದೆ ಕೇಳಿದರೆ ಸೆಲ್ಲಿಗೆ ಒಂದು ವಾರ. ನಾಲ್ಕು ಸೆಲ್, ನಾಲ್ಕು ವಾರ. ಭಾವಮೈದುನ ಇರುವುದೂ ನಾಲ್ಕು ವಾರ. ಒಂದು ಗಂಟೆ ಕೇಳದೆ ಉಳಿದರೂ ಒಂದು ಗಂಟೆಯ ಸತು ಶುದ್ಧ ವ್ಯರ್ಥ!

"ಬಳಸಿದ್ರೂ ಸವೆಯುತ್ತೆ, ಸುಮ್ನೆ ಇಟ್ರೂ ಸವೆಯುತ್ತೆ," ಹೆಂಡತಿ ಪಾಠ ಒಪ್ಪಿಸಿದಳು. "ನೀವೇ ಹೇಳ್ಕೊಟ್ಟಿದ್ದು."

ಮೇಷ್ಟ್ರು ಮಿಷನ್ನನ್ನು ಕಿವಿಗೆ ಸರಿಯಾಗಿ ಸಿಕ್ಕಿಸಿಕೊಂಡು ಮುಂಗೋಣೆಗೆ ಬಂದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತರು.

"ಎದ್ದು ಹೋಗ್ಬಿಟ್ರಲ್ಲ ಭಾವ, ಮಧ್ಯದಲ್ಲಿ ತಪ್ಪಿಹೋಯ್ತು," ಎಂದ ಭಾವಮೈದುನ ಮರುಕದಿಂದ. "ಪರ್ವಾಗಿಲ್ಲ, ಮೊದಲ ಸ್ಟಾಪಿಂದ ಹೇಳ್ತೀನಿ."

"ಹೂಂ," ಎಂದರು ಮೇಷ್ಟ್ರು, ಈ ಬಾರಿ ಕೇಳಿಸಿಕೊಂಡೇ.